ತೂಕ ಇಳಿಸುವ ಶಸ್ತ್ರಚಿಕಿತ್ಸೆ: ಮೊದಲ ತಿಂಗಳ ಭಯ, ಉಳಿದ ಆಯುಷ್ಯದ ಲೆಕ್ಕ

ತೂಕ ಇಳಿಸುವ ಆಪರೇಷನ್ ಎಂದೊಡನೆ ನಮ್ಮಲ್ಲಿ ಹಲವರು 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡ ಕಿರುತೆರೆಯ ಯುವನಟಿಯ ಸುದ್ದಿಯನ್ನು ನೆನೆಯುತ್ತಾರೆ. ಆಕೆ ಮಾಡಿಸಿಕೊಳ್ಳಲು ಹೋಗಿದ್ದು ಕೊಬ್ಬು ತೆಗೆಸುವ ಸೌಂದರ್ಯ ಚಿಕಿತ್ಸೆ. ಈ ಲೇಖನದ ವಿಷಯ ಬೇರೆ. ಲೈಪೊಸಕ್ಷನ್‌ನಲ್ಲಿ ಚರ್ಮದ ಕೆಳಗಿನ ಕೊಬ್ಬನ್ನು ಕೊಳವೆ ಹಾಕಿ ಹೀರಿ ತೆಗೆಯುತ್ತಾರೆ. ಅದರಿಂದ ಸೊಂಟದ ಆಕಾರ ಬದಲಾಗಬಹುದು, ಹಸಿವು ಬದಲಾಗುವುದಿಲ್ಲ, ಸಕ್ಕರೆ ಕಾಯಿಲೆಗೂ ಅದು ಮದ್ದಲ್ಲ. ಈ ಲೇಖನ ಹೇಳುವ ತೂಕ ಇಳಿಸುವ ಆಪರೇಷನ್, ಅಂದರೆ ಬೇರಿಯಾಟ್ರಿಕ್ ಸರ್ಜರಿಯಲ್ಲಿ, ವೈದ್ಯರು ಕೊಬ್ಬಿನ ತಂಟೆಗೇ ಹೋಗುವುದಿಲ್ಲ. ಅವರು ಕೈ ಹಾಕುವುದು ಜಠರಕ್ಕೆ ಮತ್ತು ಸಣ್ಣ ಕರುಳಿಗೆ. ಒಂದರ ಭಯವನ್ನು ಇನ್ನೊಂದಕ್ಕೆ ಹಚ್ಚಿ ಬೇಡವೆಂದವರೂ ಇದ್ದಾರೆ, ಒಂದರ ಹಗುರತನವನ್ನು ಇನ್ನೊಂದಕ್ಕೆ ಹಚ್ಚಿ ಎರಡೇ ದಿನದಲ್ಲಿ ಮುಗಿಯುವ ಕೆಲಸವೆಂದು ನಂಬಿದವರೂ ಇದ್ದಾರೆ. ಎರಡೂ ತಪ್ಪು ಲೆಕ್ಕ.

ನಮ್ಮ ದೇಶದಲ್ಲಿ ಹೆಚ್ಚಾಗಿ ನಡೆಯುವುದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ರಂಧ್ರ ಮಾಡಿ, ಸ್ಟೇಪ್ಲರ್ ಉಪಕರಣದಿಂದ ಜಠರವನ್ನು ಉದ್ದಕ್ಕೆ ಕತ್ತರಿಸಿ ಹೊಲಿದು, ಶೇ 75ರಿಂದ 80ರಷ್ಟು ಭಾಗವನ್ನು ಹೊರಗೆ ತೆಗೆಯುತ್ತಾರೆ. ಒಳಗೆ ಉಳಿಯುವುದು ಬಾಳೆಕಾಯಿಯಂಥ ಒಂದು ಕಿರಿದಾದ ಕೊಳವೆ. ತೆಗೆದ ಭಾಗವನ್ನು ಮತ್ತೆ ಜೋಡಿಸಲು ಬರುವುದಿಲ್ಲ. ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಏನನ್ನೂ ಹೊರಗೆ ತೆಗೆಯುವುದಿಲ್ಲ. ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲವನ್ನು ಬೇರ್ಪಡಿಸಿ, ಅದಕ್ಕೆ ಸಣ್ಣ ಕರುಳನ್ನು ನೇರವಾಗಿ ಜೋಡಿಸುತ್ತಾರೆ. ಉಳಿದ ಜಠರ ಮತ್ತು ಕರುಳಿನ ಮೊದಲ ಭಾಗ ಒಳಗೇ ಇರುತ್ತವೆ, ಆಹಾರ ಮಾತ್ರ ಆ ದಾರಿಯಲ್ಲಿ ಹೋಗುವುದಿಲ್ಲ. ಎರಡು ಜೋಡಣೆಯ ಬದಲು ಒಂದೇ ಜೋಡಣೆ ಮಾಡುವ ಮಿನಿ ಬೈಪಾಸ್ ಕೂಡ ಭಾರತದಲ್ಲಿ ಸಾಕಷ್ಟು ಬಳಕೆಯಲ್ಲಿದೆ. ಜಠರಕ್ಕೆ ಬ್ಯಾಂಡ್ ತೊಡಿಸುವ ಪದ್ಧತಿ ಒಂದು ಕಾಲದಲ್ಲಿ ಜನಪ್ರಿಯವಾಗಿತ್ತು, ಈಗ ಬಹುಮಟ್ಟಿಗೆ ಮೂಲೆ ಸೇರಿದೆ.

ಹೊಟ್ಟೆ ಚಿಕ್ಕದಾಗುತ್ತದೆ, ಕಡಿಮೆ ತಿನ್ನುತ್ತಾರೆ, ಸಣ್ಣಗಾಗುತ್ತಾರೆ ಎಂಬ ವಿವರಣೆ ಅರ್ಧ ಮಾತ್ರ ನಿಜ. ಅಷ್ಟೇ ಆಗಿದ್ದರೆ ರೋಗಿಗಳು ಹಸಿವಿನಿಂದ ಕಂಗೆಡಬೇಕಿತ್ತು. ಬಹಳ ಮಂದಿಗೆ ಹಾಗಾಗುವುದಿಲ್ಲ. ಹಸಿವನ್ನು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನು ಮುಖ್ಯವಾಗಿ ಹುಟ್ಟುವುದು ಜಠರದ ಮೇಲಿನ ಉಬ್ಬು ಭಾಗದಲ್ಲಿ, ಸ್ಲೀವ್‌ನಲ್ಲಿ ಆ ಭಾಗವೇ ಹೋಗಿಬಿಡುತ್ತದೆ. ಇನ್ನೊಂದು ಕಡೆ, ಆಹಾರ ಕರುಳಿನ ಕೆಳಭಾಗವನ್ನು ಬೇಗನೆ ತಲುಪುವುದರಿಂದ ಅಲ್ಲಿ ಜಿಎಲ್‌ಪಿ-1, ಪಿವೈವೈ ಎಂಬ ತೃಪ್ತಿಯ ಹಾರ್ಮೋನುಗಳು ಹೆಚ್ಚು ಬಿಡುಗಡೆಯಾಗುತ್ತವೆ. ಸಾಕು ಎಂಬ ಸಂದೇಶ ಮಿದುಳಿಗೆ ಬೇಗ ಹೋಗುತ್ತದೆ, ಇನ್ಸುಲಿನ್ ಚುರುಕಾಗುತ್ತದೆ. ಬೈಪಾಸ್ ಆದ ಕೆಲವೇ ದಿನಗಳಲ್ಲಿ, ತೂಕ ಇನ್ನೂ ಹೇಳಿಕೊಳ್ಳುವಷ್ಟು ಇಳಿಯದಿರುವಾಗಲೇ, ಸಕ್ಕರೆ ಇಳಿಯುವುದು ಇದೇ ಕಾರಣಕ್ಕೆ. ಪಥ್ಯ ಮಾಡಿ ತೂಕ ಇಳಿಸಿದಾಗ ದೇಹ ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಳ್ಳುತ್ತದೆ: ಹಸಿವು ಹೆಚ್ಚಿಸುತ್ತದೆ, ಶಕ್ತಿಯ ಖರ್ಚನ್ನು ತಗ್ಗಿಸುತ್ತದೆ, ಕಳೆದುಕೊಂಡದ್ದನ್ನು ಹಟ ಹಿಡಿದು ವಾಪಸು ತರುತ್ತದೆ. ನೂರಿಪ್ಪತ್ತು ಕೆ.ಜಿ. ಇರುವ ಮನುಷ್ಯನಿಗೆ ‘ಸ್ವಲ್ಪ ಬಾಯಿ ಕಟ್ಟಬಾರದೆ?’ ಎಂದು ಕೇಳುವ ನೆಂಟರಿಗೆ ಈ ಸಂಗತಿ ತಿಳಿದಿರುವುದಿಲ್ಲ.

ಶೇ 70 ಎಂದರೆ ಎಷ್ಟು ಕಿಲೋ?

ಲಾಭದ ಲೆಕ್ಕ ನೋಡುವ ಮೊದಲು ಜಾಹೀರಾತಿನ ಗಣಿತ ಅರ್ಥ ಮಾಡಿಕೊಳ್ಳುವುದು ಒಳ್ಳೆಯದು. ‘ಶೇ 70ರಷ್ಟು ತೂಕ ಇಳಿಕೆ’ ಎಂದು ಬರೆದಿದ್ದರೆ ಅದು ಒಟ್ಟು ತೂಕದ ಶೇ 70 ಅಲ್ಲ, ‘ಹೆಚ್ಚುವರಿ’ ತೂಕದ ಶೇ 70. ಐದು ಅಡಿ ಐದು ಇಂಚು, ಅಂದರೆ 165 ಸೆಂ.ಮೀ. ಎತ್ತರದ ಒಬ್ಬರು 110 ಕೆ.ಜಿ. ಇದ್ದಾರೆ ಎಂದುಕೊಳ್ಳೋಣ. ಆ ಎತ್ತರಕ್ಕೆ ಬಿಎಂಐ (ಎತ್ತರಕ್ಕೆ ತಕ್ಕ ತೂಕವನ್ನು ಅಳೆಯುವ ಅಂಕಿ) 25 ಎಂದರೆ 68 ಕೆ.ಜಿ. ಹೆಚ್ಚುವರಿ ಎನಿಸುವುದು 42 ಕೆ.ಜಿ. ಅದರ ಶೇ 70 ಸುಮಾರು 29 ಕೆ.ಜಿ. ಅಂದರೆ ಒಟ್ಟು ತೂಕದ ಕಾಲು ಭಾಗಕ್ಕಿಂತ ತುಸು ಹೆಚ್ಚು. ಆಪರೇಷನ್ ಯಶಸ್ವಿಯಾದ ಮೇಲೂ ಅವರು 81 ಕೆ.ಜಿ. ಇರುತ್ತಾರೆ, ನಮ್ಮ ದೇಶದ ಅಳತೆಯ ಪ್ರಕಾರ ಆಗಲೂ ಬೊಜ್ಜಿನ ಗೆರೆಯ ಮೇಲೆಯೇ. ಇದು ಸೋಲಲ್ಲ, ಆದರೆ ಮೊದಲೇ ಗೊತ್ತಿಲ್ಲದಿದ್ದರೆ ಸೋಲಿನಂತೆ ಕಾಣುತ್ತದೆ.

ದೀರ್ಘಾವಧಿಯ ಫಲಿತಾಂಶ ತಿಳಿಯಲು ನಮಗಿರುವ ಅತಿ ಮುಖ್ಯ ಆಧಾರ ಸ್ವೀಡನ್‌ನದು. 1987ರಲ್ಲಿ ಅಲ್ಲಿ ಆರಂಭವಾದ ಅಧ್ಯಯನದಲ್ಲಿ ಆಪರೇಷನ್ ಮಾಡಿಸಿಕೊಂಡ ಸುಮಾರು 2,000 ಮಂದಿಯನ್ನೂ, ಅವರಷ್ಟೇ ದಪ್ಪವಿದ್ದು ಆಪರೇಷನ್ ಮಾಡಿಸಿಕೊಳ್ಳದ ಸುಮಾರು 2,000 ಮಂದಿಯನ್ನೂ ದಶಕಗಟ್ಟಲೆ ಹಿಂಬಾಲಿಸಿದರು. ಸಾಮಾನ್ಯ ಚಿಕಿತ್ಸೆ ಪಡೆದವರ ಸರಾಸರಿ ತೂಕ ವರ್ಷಗಳುದ್ದಕ್ಕೂ ಇದ್ದಲ್ಲೇ ಇತ್ತು, ಶೇ 2ರ ಆಚೀಚೆ. ಬೈಪಾಸ್ ಆದವರು ಒಂದೆರಡು ವರ್ಷದಲ್ಲಿ ಶೇ 32ರಷ್ಟು ಇಳಿದರು, ಹತ್ತು ವರ್ಷದ ಹೊತ್ತಿಗೆ ಒಂದಿಷ್ಟು ಮರಳಿ ಬಂದು ಇಳಿಕೆ ಶೇ 25ಕ್ಕೆ ನಿಂತಿತು. ಸಕ್ಕರೆ ಕಾಯಿಲೆಯ ಕಥೆ ಇನ್ನಷ್ಟು ಪಾಠ ಹೇಳುತ್ತದೆ. ಆಪರೇಷನ್ ಆದ ಎರಡು ವರ್ಷಕ್ಕೆ ಮಧುಮೇಹಿಗಳಲ್ಲಿ ಶೇ 72ರಷ್ಟು ಮಂದಿಯ ಕಾಯಿಲೆ ಉಪಶಮನಗೊಂಡಿತ್ತು. ಹದಿನೈದು ವರ್ಷಕ್ಕೆ ಆ ಸಂಖ್ಯೆ ಶೇ 30ಕ್ಕೆ ಇಳಿದಿತ್ತು. ಆಪರೇಷನ್ ಇಲ್ಲದವರಲ್ಲಿ ಅದು ಶೇ 6.5 ಮಾತ್ರ. ‘ಶುಗರ್ ಗುಣವಾಗುತ್ತದೆ’ ಎನ್ನುವವರು ಮೊದಲ ಅಂಕಿಯನ್ನು ಹೇಳುತ್ತಾರೆ, ‘ಎಲ್ಲ ವಾಪಸು ಬರುತ್ತದೆ’ ಎನ್ನುವವರು ಎರಡನೆಯದನ್ನು. ಮೂರನೆಯ ಅಂಕಿಯನ್ನು ಪಕ್ಕಕ್ಕಿಟ್ಟು ನೋಡದೆ ತೀರ್ಮಾನಕ್ಕೆ ಬರಬಾರದು. ಆ ಅಧ್ಯಯನದಲ್ಲಿ ಬಹುಪಾಲು ಮಂದಿಗೆ ಮಾಡಿದ್ದು ಈಗ ಕೈಬಿಟ್ಟಿರುವ ಹಳೆಯ ಮಾದರಿಯ ಶಸ್ತ್ರಚಿಕಿತ್ಸೆ ಎಂಬುದೂ ನೆನಪಿರಲಿ.

ಆಯುಷ್ಯದ ವಿಷಯ? ಅದೇ ಅಧ್ಯಯನದ 2020ರ ವರದಿಯ ಪ್ರಕಾರ ಆಪರೇಷನ್ ಆದವರು ಆಗದವರಿಗಿಂತ ಸುಮಾರು ಮೂರು ವರ್ಷ ಹೆಚ್ಚು ಬದುಕಿದರು. ಆದರೂ ಸಾಮಾನ್ಯ ಜನರಿಗೆ ಹೋಲಿಸಿದರೆ ಅವರ ಆಯುಷ್ಯ ಐದೂವರೆ ವರ್ಷ ಕಡಿಮೆಯೇ ಇತ್ತು. ನನಗೆ ಈ ವಿಷಯದಲ್ಲಿ ಸಿಕ್ಕ ಅತ್ಯಂತ ಪ್ರಾಮಾಣಿಕ ವಾಕ್ಯ ಇದು. ಶಸ್ತ್ರಚಿಕಿತ್ಸೆ ಹಾನಿಯ ಒಂದು ಭಾಗವನ್ನು ಮರಳಿಸುತ್ತದೆ, ಪೂರ್ತಿಯನ್ನಲ್ಲ.

ಔಷಧಿಗೂ ಶಸ್ತ್ರಚಿಕಿತ್ಸೆಗೂ ನೇರ ಪೈಪೋಟಿ ಇಟ್ಟು ನೋಡಿದ್ದು ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ‘ಸ್ಟ್ಯಾಂಪೀಡ್’ ಪ್ರಯೋಗ. ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯ 150 ಮಂದಿಯನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಐದು ವರ್ಷದ ನಂತರ, ಮೂರು ತಿಂಗಳ ಸರಾಸರಿ ಸಕ್ಕರೆ ಶೇ 6 ಅಥವಾ ಅದಕ್ಕಿಂತ ಕೆಳಗೆ ಬರಬೇಕು ಎಂಬ ಕಠಿಣ ಗುರಿಯನ್ನು ಬೈಪಾಸ್ ಗುಂಪಿನಲ್ಲಿ ಶೇ 29, ಸ್ಲೀವ್ ಗುಂಪಿನಲ್ಲಿ ಶೇ 23, ಬರೀ ಔಷಧಿಯ ಗುಂಪಿನಲ್ಲಿ ಶೇ 5ರಷ್ಟು ಮಂದಿ ಮುಟ್ಟಿದರು. ಕಾಯಿಲೆ ಬಂದು ಕೆಲವೇ ವರ್ಷಗಳಾಗಿದ್ದು, ಇನ್ಸುಲಿನ್ ಚುಚ್ಚಿಕೊಳ್ಳುವ ಹಂತಕ್ಕೆ ಇನ್ನೂ ಹೋಗಿರದವರಿಗೆ ಲಾಭ ಹೆಚ್ಚು. ಹದಿನೈದು ವರ್ಷ ಕಾದು, ಮೇದೋಜ್ಜೀರಕ ಗ್ರಂಥಿ ದಣಿದ ಮೇಲೆ ಬಂದವರಿಗೆ ಕಡಿಮೆ. ‘ಕೊನೆಯ ಉಪಾಯವಾಗಿ ನೋಡೋಣ’ ಎಂಬ ನಮ್ಮ ರೂಢಿಯ ಮಾತು ಇಲ್ಲಿ ಅಷ್ಟಾಗಿ ಹೊಂದುವುದಿಲ್ಲ.

ಉಳಿದ ಲಾಭಗಳಲ್ಲಿ ನಿದ್ದೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ, ರಕ್ತದೊತ್ತಡ, ಯಕೃತ್ತಿನ ಕೊಬ್ಬು, ಮಂಡಿ ನೋವು, ಹೆಂಗಸರಲ್ಲಿ ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ಪಿಸಿಒಎಸ್ ಇವೆಲ್ಲ ಬಹುತೇಕರಲ್ಲಿ ಸುಧಾರಿಸುತ್ತವೆ. ತೂಕದ ಯಂತ್ರದ ಅಂಕಿಗಿಂತ ಮೆಟ್ಟಿಲು ಹತ್ತುವುದು ಸುಲಭವಾದದ್ದೇ ಅನೇಕರಿಗೆ ದೊಡ್ಡ ಸಂಗತಿ.

ಅಪಾಯ ಯಾವಾಗ ಬರುತ್ತದೆ?

ಸಾವಿನ ಭಯದಿಂದ ಶುರು ಮಾಡೋಣ. ಅನುಭವಿ ಕೇಂದ್ರಗಳಲ್ಲಿ ಮೊದಲ ತಿಂಗಳೊಳಗೆ ಸಾವು ಸಂಭವಿಸುವುದು ಸುಮಾರು ಸಾವಿರದಲ್ಲಿ ಒಬ್ಬರಿಗೆ. ಪಿತ್ತಕೋಶ ತೆಗೆಯುವ ಆಪರೇಷನ್ನಿನ ಅಪಾಯವೂ ಹೆಚ್ಚುಕಡಿಮೆ ಇದೇ ಮಟ್ಟದ್ದು. ಆದರೆ ಸರಾಸರಿ ಎಲ್ಲರಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ. ವಯಸ್ಸು ಹೆಚ್ಚಿದ್ದರೆ, ತೂಕ ವಿಪರೀತವಿದ್ದರೆ, ಹೃದಯದ ತೊಂದರೆ ಅಥವಾ ಹಿಂದೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸವಿದ್ದರೆ ಅಪಾಯ ಏರುತ್ತದೆ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವುದು ಈ ಸಾವುಗಳಿಗೆ ಒಂದು ಮುಖ್ಯ ಕಾರಣ. ಅದಕ್ಕೇ ಆಪರೇಷನ್ ಆದ ದಿನವೇ ಎಬ್ಬಿಸಿ ನಡೆಸುತ್ತಾರೆ. ನಡೆಯಲು ಹೇಳಿದ ನರ್ಸನ್ನು ‘ಪಾಪ, ಇವತ್ತೊಂದಿನ ಮಲಗಲಿ ಬಿಡಿ’ ಎಂದು ತಡೆಯುವ ಮನೆಯವರು ಪ್ರೀತಿಯಿಂದಲೇ ತೊಂದರೆ ಮಾಡುತ್ತಿರುತ್ತಾರೆ.

ಇನ್ನೊಂದು ಭಯ ಸೋರಿಕೆ. ಸ್ಟೇಪ್ಲರ್ ಹೊಲಿಗೆ ಎಲ್ಲಾದರೂ ಬಿಟ್ಟುಕೊಂಡು ಜಠರದಲ್ಲಿರುವುದು ಹೊಟ್ಟೆಯೊಳಗೆ ಸೋರುವುದು ನೂರರಲ್ಲಿ ಒಬ್ಬಿಬ್ಬರಿಗೆ ಆಗುತ್ತದೆ. ಸ್ಲೀವ್‌ನಲ್ಲಿ ಇದು ಎಷ್ಟೋ ಸಲ ಡಿಸ್ಚಾರ್ಜ್ ಆಗಿ ಮನೆಗೆ ಬಂದ ಮೇಲೆ ಕಾಣಿಸಿಕೊಳ್ಳುತ್ತದೆ. ನಾಡಿ ನಿಮಿಷಕ್ಕೆ 120 ದಾಟುವುದು, ಜ್ವರ, ಹೆಚ್ಚುತ್ತಾ ಹೋಗುವ ಹೊಟ್ಟೆನೋವು, ಎಡಭುಜದಲ್ಲಿ ನೋವು, ಕಾರಣ ತಿಳಿಯದ ಚಡಪಡಿಕೆ ಇದರ ಸೂಚನೆಗಳು. ನಮ್ಮಲ್ಲಿ ಎದೆಯಿಂದ ಸೊಂಟದವರೆಗಿನ ಪ್ರತಿ ನೋವಿಗೂ ‘ಗ್ಯಾಸ್’ ಎಂದು ಹೆಸರಿಟ್ಟು ಜೀರಿಗೆ ಕಷಾಯ ಕುಡಿಸುವ ಅಭ್ಯಾಸವಿದೆ. ಮೊದಲ ಕೆಲವು ವಾರ ಆ ಅಭ್ಯಾಸಕ್ಕೆ ರಜೆ ಕೊಟ್ಟು, ಆಪರೇಷನ್ ಮಾಡಿದ ವೈದ್ಯರಿಗೇ ಫೋನ್ ಮಾಡಬೇಕು.

ಮೊದಲ ತಿಂಗಳು ಕಳೆಯಿತೆಂದರೆ ಭಯ ಕಳೆಯಿತು ಎಂದುಕೊಳ್ಳುವುದು ಸಹಜ. ನನ್ನ ಮಟ್ಟಿಗೆ ಹೆಚ್ಚು ಯೋಚಿಸಬೇಕಾದ ಭಾಗ ಇಲ್ಲಿಂದ ಮುಂದಿದೆ. ಮೊದಲ ತಿಂಗಳ ಅಪಾಯ ವೈದ್ಯರ ಕೈಯಲ್ಲಿದೆ, ಅವರು ಅದಕ್ಕೆ ತಯಾರಾಗಿರುತ್ತಾರೆ. ಮುಂದಿನ ಮೂವತ್ತು ವರ್ಷದ ಅಪಾಯ ರೋಗಿಯ ಕೈಯಲ್ಲಿದೆ, ಅದರ ಬಗ್ಗೆ ಪ್ಯಾಕೇಜಿನ ಕರಪತ್ರದಲ್ಲಿ ಒಂದು ಸಾಲೂ ಇರುವುದಿಲ್ಲ.

ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ, ಬಿ12, ಬಿ1 ಇವನ್ನು ದೇಹ ಹೀರಿಕೊಳ್ಳುವುದು ಕಡಿಮೆಯಾಗುತ್ತದೆ, ಬೈಪಾಸ್‌ನಲ್ಲಿ ಇನ್ನೂ ಹೆಚ್ಚಾಗಿ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಆಪರೇಷನ್ನಿಗೆ ಮುಂಚೆಯೇ ಇರುವುದು ಸಾಮಾನ್ಯ. ಆದ್ದರಿಂದ ಮಾತ್ರೆಗಳು ಬದುಕಿರುವಷ್ಟು ದಿನ, ರಕ್ತಪರೀಕ್ಷೆ ವರ್ಷಕ್ಕೊಮ್ಮೆಯಾದರೂ ಬೇಕು. ಕಬ್ಬಿಣದ ಮಾತ್ರೆಯನ್ನು ಕಾಫಿ, ಚಹಾದ ಜೊತೆ ನುಂಗುವಂತಿಲ್ಲ, ಕ್ಯಾಲ್ಸಿಯಂ ಮಾತ್ರೆಗೂ ಅದಕ್ಕೂ ಎರಡು ಗಂಟೆಯ ಅಂತರ ಇರಬೇಕು. ಇದನ್ನು ಬಿಟ್ಟವರಲ್ಲಿ ರಕ್ತಹೀನತೆ, ಕೈಕಾಲು ಜೋಮು, ಮೂಳೆ ಸವೆತ ನಿಧಾನವಾಗಿ, ವರ್ಷಗಳ ನಂತರ ಕಾಣಿಸಿಕೊಳ್ಳುತ್ತವೆ. ಆ ಹೊತ್ತಿಗೆ ಆಪರೇಷನ್ನಿಗೂ ಜೋಮಿಗೂ ಸಂಬಂಧವಿದೆ ಎಂಬುದೇ ಮರೆತುಹೋಗಿರುತ್ತದೆ.

ಬಿ1ರ ವಿಷಯ ಮಾತ್ರ ನಿಧಾನದ್ದಲ್ಲ. ಆಪರೇಷನ್ ಆದ ಮೊದಲ ತಿಂಗಳುಗಳಲ್ಲಿ ಪದೇ ಪದೇ ವಾಂತಿಯಾದರೆ ದೇಹದ ಬಿ1 ದಾಸ್ತಾನು ಕೆಲವೇ ವಾರಗಳಲ್ಲಿ ಬರಿದಾಗುತ್ತದೆ. ಆಗ ಮಿದುಳಿಗೆ ಹಾನಿಯಾಗಿ ಕಣ್ಣು ಮಂಜಾಗುವುದು, ನಡಿಗೆ ತಪ್ಪುವುದು, ಗೊಂದಲ ಶುರುವಾಗಬಹುದು. ಇಂಥವರಿಗೆ ಬಿ1 ಕೊಡದೆ ಗ್ಲೂಕೋಸ್ ಡ್ರಿಪ್ ಹಾಕಿದರೆ ಪರಿಸ್ಥಿತಿ ಬಿಗಡಾಯಿಸುತ್ತದೆ. ಊರಿನ ಕ್ಲಿನಿಕ್ಕಿನಲ್ಲಿ ಸುಸ್ತು ಎಂದರೆ ಮೊದಲು ತೂಗುಹಾಕುವುದೇ ಗ್ಲೂಕೋಸ್ ಬಾಟಲಿ. ಹೀಗಾಗಿ ಯಾವ ವೈದ್ಯರ ಬಳಿ ಹೋದರೂ ಈ ಆಪರೇಷನ್ ಆಗಿದೆ ಎಂದು ಮೊದಲ ಮಾತಿನಲ್ಲೇ ಹೇಳಬೇಕು. ನಾಚಿಕೆಯಿಂದ ಮುಚ್ಚಿಡುವವರು ಇದ್ದಾರೆ, ಅದು ಅಪಾಯಕಾರಿ.

ಊಟದ ರೀತಿಯೇ ಬದಲಾಗಬೇಕು. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು, ಹೊಟ್ಟೆ ಹಿಡಿಯುವುದು ಒಂದು ಸಣ್ಣ ಬಟ್ಟಲಿನಷ್ಟು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ನೂರು ಗ್ರಾಂ ಪನೀರಿನಲ್ಲಿ ಸುಮಾರು 18 ಗ್ರಾಂ ಇರುತ್ತದೆ. ಅನ್ನ, ತಿಳಿಸಾರು, ಉಪ್ಪಿನಕಾಯಿಯಿಂದ ಈ ಲೆಕ್ಕ ತುಂಬುವುದಿಲ್ಲ, ತಟ್ಟೆಯಲ್ಲಿ ಬೇಳೆ, ಕಾಳು, ಮೊಸರು, ಮೊಟ್ಟೆ, ಮೀನು ಮೊದಲು, ಅನ್ನ ಕೊನೆಗೆ. ಪ್ರತಿ ತುತ್ತನ್ನೂ ಚೆನ್ನಾಗಿ ಅಗಿಯಬೇಕು, ಊಟದ ನಡುವೆ ನೀರು ಕುಡಿಯಬಾರದು. ಹಳೆ ಮೈಸೂರು ಸೀಮೆಯವರಿಗೆ ಇಲ್ಲೊಂದು ನಿಜವಾದ ಕಷ್ಟ ಇದೆ. ರಾಗಿಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದೇ ಕಲಿತು ಬೆಳೆದವರು ಅವರು. ಹೊಸ ಜಠರಕ್ಕೆ ಆ ತುತ್ತು ಸಿಕ್ಕಿಕೊಂಡು ವಾಂತಿಯಾಗುತ್ತದೆ. ಬೈಪಾಸ್ ಆದವರು ಮದುವೆಮನೆಯಲ್ಲಿ ಎರಡು ಹೋಳಿಗೆ, ಒಂದು ಲೋಟ ಪಾಯಸ ಸೇವಿಸಿದರೆ ಅರ್ಧ ಗಂಟೆಯೊಳಗೆ ಬೆವರು, ಎದೆಬಡಿತ, ಹೊಟ್ಟೆ ಹಿಂಡುವುದು, ಭೇದಿ ಆಗಬಹುದು. ಸಕ್ಕರೆ ಸಣ್ಣ ಕರುಳಿಗೆ ಒಮ್ಮೆಲೇ ಸುರಿಯುವುದರಿಂದ ಆಗುವ ಈ ತೊಂದರೆಗೆ ವೈದ್ಯರು ಡಂಪಿಂಗ್ ಎನ್ನುತ್ತಾರೆ.

ಯಾವ ಆಪರೇಷನ್ ಎಂಬುದರ ಮೇಲೂ ತೊಂದರೆಯ ಬಗೆ ನಿಂತಿದೆ. ಸ್ಲೀವ್‌ನ ದೊಡ್ಡ ದೂರು ಎದೆಯುರಿ ಮತ್ತು ಹುಳಿತೇಗು. ಫಿನ್ಲೆಂಡಿನಲ್ಲಿ ಎರಡೂ ಬಗೆಯವರನ್ನು ಹತ್ತು ವರ್ಷ ಗಮನಿಸಿದಾಗ, ಅನ್ನನಾಳದ ಉರಿಯೂತ ಸ್ಲೀವ್ ಆದವರಲ್ಲಿ ಶೇ 31, ಬೈಪಾಸ್ ಆದವರಲ್ಲಿ ಶೇ 7ರಷ್ಟಿತ್ತು. ಆಗಲೇ ತೀವ್ರ ಎದೆಯುರಿ ಇರುವವರಿಗೆ, ಎಂಡೋಸ್ಕೋಪಿಯನ್ನೂ ಮಾಡದೆ ಸ್ಲೀವ್ ಸೂಚಿಸುವ ವೈದ್ಯರಿದ್ದರೆ ಇನ್ನೊಬ್ಬರ ಅಭಿಪ್ರಾಯ ಕೇಳುವುದು ಮೇಲು. ಬೈಪಾಸ್‌ನಲ್ಲಿ ಜೋಡಣೆಯ ಜಾಗದಲ್ಲಿ ಹುಣ್ಣಾಗುವ ಸಾಧ್ಯತೆ ಇದೆ. ಬೀಡಿ, ಸಿಗರೇಟು ಮತ್ತು ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೊಳ್ಳುವ ನೋವಿನ ಮಾತ್ರೆಗಳು ಇದನ್ನು ಹೆಚ್ಚಿಸುತ್ತವೆ. ಕರುಳು ಒಳಗೇ ಸಂದಿಯಲ್ಲಿ ಸಿಕ್ಕಿಕೊಳ್ಳುವುದು ವರ್ಷಗಳ ನಂತರವೂ ಸಂಭವಿಸಬಹುದು, ಆಗ ಮತ್ತೆ ತುರ್ತು ಆಪರೇಷನ್ ಬೇಕಾಗುತ್ತದೆ. ವೇಗವಾಗಿ ತೂಕ ಇಳಿಯುವಾಗ ಪಿತ್ತಕೋಶದ ಕಲ್ಲು ಎರಡರಲ್ಲೂ ಸಾಮಾನ್ಯ. ಕೂದಲು ಉದುರುವುದು ಹೆಂಗಸರನ್ನು ತುಂಬ ಹೆದರಿಸುತ್ತದೆ, ಆದರೆ ಅದು ಮೂರನೇ ತಿಂಗಳ ಸುಮಾರಿಗೆ ಶುರುವಾಗಿ ಬಹುತೇಕ ತಾನಾಗಿ ನಿಲ್ಲುತ್ತದೆ. ಜೋಲುವ ಚರ್ಮ ತಾನಾಗಿ ಹೋಗುವುದಿಲ್ಲ.

ಮನಸ್ಸಿನ ವಿಷಯವನ್ನು ಎಲ್ಲರೂ ಹಾರಿಸಿಬಿಡುತ್ತಾರೆ. ಬೈಪಾಸ್ ಆದ ಮೇಲೆ ಮದ್ಯ ರಕ್ತಕ್ಕೆ ಬಹುಬೇಗ ಸೇರುತ್ತದೆ, ಚಟಕ್ಕೆ ಬೀಳುವವರ ಪ್ರಮಾಣ ಹೆಚ್ಚು. ತಮಗೇ ಹಾನಿ ಮಾಡಿಕೊಳ್ಳುವ ಪ್ರಕರಣಗಳು ಆಪರೇಷನ್ ನಂತರ ಹೆಚ್ಚಿರುವುದನ್ನು ಒಂದಕ್ಕಿಂತ ಹೆಚ್ಚು ದೇಶಗಳ ಅಧ್ಯಯನಗಳು ತೋರಿಸಿವೆ. ದುಃಖ ಬಂದಾಗ ಊಟದಲ್ಲಿ ಸಮಾಧಾನ ಹುಡುಕುತ್ತಿದ್ದವರಿಗೆ ಆ ದಾರಿ ಒಂದೇ ದಿನದಲ್ಲಿ ಮುಚ್ಚಿಹೋಗುತ್ತದೆ, ದುಃಖ ಮಾತ್ರ ಇದ್ದಲ್ಲೇ ಇರುತ್ತದೆ. ಆಪರೇಷನ್ನಿಗೆ ಮೊದಲು ಮನೋವೈದ್ಯರ ಬಳಿ ಕಳಿಸುವುದು ಸಹಿ ಹಾಕಿಸುವ ಶಾಸ್ತ್ರವಾಗಬಾರದು.

ಯಾರಿಗೆ ಸರಿ, ಯಾರಿಗೆ ಅವಸರ?

1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಹಾಕಿದ ಗೆರೆ ಬಿಎಂಐ 40, ಜೊತೆಗೆ ಕಾಯಿಲೆಗಳಿದ್ದರೆ 35. ಮೂರು ದಶಕ ಅದೇ ನಡೆಯಿತು. 2022ರಲ್ಲಿ ಬೊಜ್ಜಿನ ಶಸ್ತ್ರಚಿಕಿತ್ಸಕರ ಅಮೆರಿಕದ ಮತ್ತು ಅಂತರರಾಷ್ಟ್ರೀಯ ಸಂಘಟನೆಗಳು ಅದನ್ನು 35ಕ್ಕೆ, ಸಕ್ಕರೆ ಕಾಯಿಲೆಯಂಥದ್ದು ಇದ್ದರೆ 30ಕ್ಕೆ ಇಳಿಸಿದವು. ಏಷ್ಯಾದವರಿಗೆ 27.5ರಿಂದಲೇ ಯೋಚಿಸಬಹುದು ಎಂದವು, ಏಕೆಂದರೆ ನಮ್ಮ ಕೊಬ್ಬು ಹೊಟ್ಟೆಯೊಳಗೆ ಕೂರುವುದು ಹೆಚ್ಚು, ಕಡಿಮೆ ತೂಕಕ್ಕೇ ಸಕ್ಕರೆ ಕಾಯಿಲೆ ಬರುತ್ತದೆ. ಗೆರೆ ಇಳಿಸಿದವರು ಶಸ್ತ್ರಚಿಕಿತ್ಸಕರೇ ಎಂಬುದನ್ನು ಗಮನಿಸಿ ಓದಬೇಕು, ಆದರೆ ಅವರ ವಾದಕ್ಕೆ ಆಧಾರವಿಲ್ಲದೆ ಇಲ್ಲ.

ಆರೋಗ್ಯ ವಿಮೆ ಮಾತ್ರ ಹಳೆಯ ಗೆರೆಯಲ್ಲೇ ನಿಂತಿದೆ. ವಿಮಾ ನಿಯಂತ್ರಣ ಪ್ರಾಧಿಕಾರದ ಪ್ರಮಾಣಿತ ನಿಯಮದಂತೆ 18 ವರ್ಷ ತುಂಬಿದವರಿಗೆ, ಬಿಎಂಐ 40 ಇದ್ದರೆ ಅಥವಾ 35ರ ಮೇಲಿದ್ದು ಹೃದ್ರೋಗ, ತೀವ್ರ ಸ್ಲೀಪ್ ಆಪ್ನಿಯಾ, ಹತೋಟಿ ತಪ್ಪಿದ ಮಧುಮೇಹದಂಥವು ಇದ್ದರೆ ಮಾತ್ರ ಹಣ ಸಿಗುತ್ತದೆ. ನಮ್ಮ 165 ಸೆಂ.ಮೀ. ಎತ್ತರದವರ ಲೆಕ್ಕದಲ್ಲಿ ವೈದ್ಯಶಾಸ್ತ್ರ 75 ಕೆ.ಜಿ.ಯಿಂದಲೇ ಬಾಗಿಲು ತೆರೆದರೆ, ವಿಮೆ ಕನಿಷ್ಠ 95 ಕೆ.ಜಿ. ಮತ್ತು ಒಂದು ಗಂಭೀರ ಕಾಯಿಲೆ, ಇಲ್ಲವೇ 109 ಕೆ.ಜಿ. ಕೇಳುತ್ತದೆ. ಸಕ್ಕರೆ ಕಾಯಿಲೆ ಹೊಸದಾಗಿದ್ದಾಗ, ಲಾಭ ಹೆಚ್ಚು ಸಿಗುವ ಹೊತ್ತಿನಲ್ಲಿ, ಹಣ ಸಿಗುವುದಿಲ್ಲ. ಕಾಯಿಲೆ ಕೈಮೀರಿದಾಗ ಸಿಗುತ್ತದೆ. ಇದು ಬದಲಾಗಬೇಕಾದ ನಿಯಮ.

ಇನ್ನೊಂದು ತುದಿಯಲ್ಲಿ, ಸಕ್ಕರೆಯಿಲ್ಲ, ಒತ್ತಡವಿಲ್ಲ, ಬಿಎಂಐ 28 ಇರುವ ಹುಡುಗಿಯನ್ನು ‘ಗಂಡು ನೋಡುವುದಕ್ಕೆ ಮೊದಲು’ ಆಪರೇಷನ್ನಿಗೆ ಕರೆತರುವ ಮನೆಗಳಿವೆ. ಜಠರದ ಮುಕ್ಕಾಲು ಭಾಗ ಕಳೆದುಕೊಳ್ಳಲು ಅದು ಕಾರಣವಲ್ಲ. ಮೇಲಾಗಿ ಆಪರೇಷನ್ ಆದ 12ರಿಂದ 18 ತಿಂಗಳು ಗರ್ಭ ಧರಿಸಬಾರದು, ಪಿಸಿಒಎಸ್ ಇದ್ದವರಲ್ಲಿ ಅಂಡೋತ್ಪತ್ತಿ ಬೇಗ ಮರಳುವುದರಿಂದ ಎಣಿಸದೆ ಗರ್ಭವಾಗುವುದೂ ಉಂಟು. ಬೈಪಾಸ್ ನಂತರ ಗರ್ಭನಿರೋಧಕ ಮಾತ್ರೆಯನ್ನು ಪೂರ್ತಿ ನಂಬುವಂತಿಲ್ಲ. ಇದನ್ನು ಅತ್ತೆ ಮನೆಯವರಿಗೆ ಹೇಳುವವರು ಯಾರು?

ಈಗ ಇನ್ನೊಂದು ದಾರಿಯೂ ಇದೆ. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಟಿರ್ಜೆಪಟೈಡ್ ಮತ್ತು ತೂಕ ಇಳಿಕೆಗೆಂದೇ ಮಾರುವ ಸೆಮಾಗ್ಲುಟೈಡ್ ಚುಚ್ಚುಮದ್ದು 2025ರಲ್ಲಿ ಭಾರತಕ್ಕೆ ಬಂದವು. ದೊಡ್ಡ ಪ್ರಯೋಗಗಳಲ್ಲಿ ಸೆಮಾಗ್ಲುಟೈಡ್‌ನಿಂದ ಸುಮಾರು ಶೇ 15, ಟಿರ್ಜೆಪಟೈಡ್‌ನ ಹೆಚ್ಚಿನ ಪ್ರಮಾಣದಿಂದ ಸುಮಾರು ಶೇ 20ರಷ್ಟು ತೂಕ ಇಳಿಯಿತು. ಆದರೆ ಸೆಮಾಗ್ಲುಟೈಡ್ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದದ್ದರಲ್ಲಿ ಮೂರನೇ ಎರಡು ಭಾಗ ಮರಳಿ ಬಂತು. ಬಿಎಂಐ 35ಕ್ಕಿಂತ ಕಡಿಮೆಯಿದ್ದು ಸಕ್ಕರೆ ಕಾಯಿಲೆ ಇಲ್ಲದವರು ಮೊದಲು ಇದನ್ನು ಪ್ರಯತ್ನಿಸುವುದು ವಿವೇಕ ಎಂಬುದು ನನ್ನ ಅಭಿಪ್ರಾಯ. ಬಿಎಂಐ 40 ದಾಟಿ, ಮಲಗಿದರೆ ಉಸಿರು ಕಟ್ಟುವ, ಇನ್ಸುಲಿನ್ ಏರುತ್ತಲೇ ಇರುವ ನಲವತ್ತರ ಹರೆಯದವರಿಗೆ ಸುಮ್ಮನೆ ವರ್ಷ ದೂಡುವುದೇ ಆಪರೇಷನ್ನಿಗಿಂತ ದೊಡ್ಡ ಅಪಾಯ.

ವೈದ್ಯರನ್ನು ನೋಡಲು ಹೋದಾಗ ಖರ್ಚೆಷ್ಟು, ಎಷ್ಟು ದಿನ ಆಸ್ಪತ್ರೆಯಲ್ಲಿರಬೇಕು ಎಂದು ಎಲ್ಲರೂ ಕೇಳುತ್ತಾರೆ. ಅವುಗಳ ಜೊತೆಗೆ ಕೇಳಬೇಕಾದವು ಇನ್ನೂ ಕೆಲವಿವೆ. ವರ್ಷಕ್ಕೆ ಎಷ್ಟು ಇಂಥ ಆಪರೇಷನ್ ಮಾಡುತ್ತೀರಿ, ಸೋರಿಕೆಯಾದರೆ ಆ ಚಿಕಿತ್ಸೆಯ ಖರ್ಚು ಪ್ಯಾಕೇಜಿನಲ್ಲಿ ಸೇರಿದೆಯೇ, ನನಗೆ ಬೈಪಾಸ್ ಬದಲು ಸ್ಲೀವ್ ಏಕೆ, ಐದು ವರ್ಷದ ಹಿಂದೆ ಮಾಡಿಸಿಕೊಂಡವರಲ್ಲಿ ಎಷ್ಟು ಮಂದಿ ಈಗಲೂ ತಪಾಸಣೆಗೆ ಬರುತ್ತಿದ್ದಾರೆ, ನಿಮ್ಮ ಪಥ್ಯತಜ್ಞರು ಮೂರನೇ ವರ್ಷದಲ್ಲೂ ಫೋನ್ ಎತ್ತುತ್ತಾರೆಯೇ, ಕಳೆದ ವರ್ಷ ಯಾರಿಗೆ ಆಪರೇಷನ್ ಬೇಡವೆಂದು ಹೇಳಿ ಕಳಿಸಿದಿರಿ? ಕೊನೆಯ ಪ್ರಶ್ನೆಗೆ ಉತ್ತರ ಬರಲು ತಡವಾದರೆ ಫೈಲು ತೆಗೆದುಕೊಂಡು ಇನ್ನೊಬ್ಬರ ಬಳಿ ಹೋಗುವುದರಲ್ಲಿ ಸಂಕೋಚ ಬೇಡ.